ಒಂಟಿ ಇಲಿಗೆ ಜೊತೆ ತರಬೇಕಾ?

ಪ್ರಶ್ನೆ: ಮಗಳು ಎರಡು ಬಿಳಿ ಹೆಣ್ಣು ರ್‍ಯಾಟ್ ಸಾಕಿದ್ದಳು. ಒಂದು ಸತ್ತು ತಿಂಗಳಾಯ್ತು. ಉಳಿದದ್ದು ಕೈ ಹಾಕಿದ್ರೆ ಬೆಚ್ಚಿಬೀಳುತ್ತೆ, ಮೊನ್ನೆ ಕಚ್ಚಿಯೂ ಬಿಡ್ತು. ಇನ್ನೊಂದು ತಂದು ಬಿಟ್ರೆ ಸರಿಹೋಗುತ್ತಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಸರಿಹೋಗುವ ಸಾಧ್ಯತೆ ಜಾಸ್ತಿ, ಖಂಡಿತ ತನ್ನಿ. ಆದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಎಲ್ಲೋ ನೋವಿದ್ದರೂ ಇಲಿ ಹೀಗೇ ಕಚ್ಚುತ್ತದೆ.

ಎಷ್ಟು ದಿನ ಒಂಟಿಯಾಗಿತ್ತು, ಯಾವ ವಯಸ್ಸಲ್ಲಿ ಅನ್ನೋದು ಮುಖ್ಯ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಕೇ ಟೈ ಅವರ ತಂಡ ಮೌಸ್‌ಗಳನ್ನು, ಅಂದರೆ ನಿಮ್ಮದಕ್ಕಿಂತ ಪುಟ್ಟ ಜಾತಿಯ ಇಲಿಗಳನ್ನು, ಬರೀ 24 ಗಂಟೆ ಒಂಟಿಯಾಗಿಟ್ಟು ನೋಡಿತು. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಬಿಡುವ ಕೆಲವು ನರಕೋಶಗಳು ಚುರುಕಾಗಿದ್ದವು, ಇನ್ನೊಂದು ಇಲಿ ಸಿಕ್ಕಾಗ ಆ ಒಂಟಿ ಇಲಿಗಳು ಅದರ ಹತ್ತಿರವೇ ಜಾಸ್ತಿ ಹೊತ್ತು ಸುಳಿದಾಡುತ್ತಿದ್ದವು. ಇದು 2016ರ ಮಾತು. ಎರಡು ವಾರ ಒಂಟಿಯಾಗಿಟ್ಟರೆ ಕಥೆಯೇ ಬೇರೆ. 2018ರಲ್ಲಿ ಅಮೆರಿಕದ್ದೇ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು ಮೌಸ್‌ಗಳಲ್ಲೇ ತೋರಿಸಿದಂತೆ ಅವು ಹೊಸಬರ ಮೈಮೇಲೆ ಬೀಳುತ್ತವೆ, ಹೆದರಿದರೆ ಅಪಾಯ ಕಳೆದ ಮೇಲೂ ಅಲುಗಾಡದೆ ನಿಂತುಬಿಡುತ್ತವೆ. ಟ್ಯಾಕ್2 ಅನ್ನೋ ಜೀನ್ ಮಿದುಳಿನ ತುಂಬಾ ಜೋರಾಗಿ ಕೆಲಸ ಮಾಡುತ್ತಿತ್ತು, ಅದರ ಪರಿಣಾಮವನ್ನು ಔಷಧದಿಂದ ತಡೆದಾಗ ಜಗಳ ಇಳಿಯಿತು. ಹಾಗಾಗಿ ದಯವಿಟ್ಟು ಆ ಇಲಿಯನ್ನು ಗದರಬೇಡಿ, ಅದು ಕೊಬ್ಬಿನಿಂದ ಕಚ್ಚಿದ್ದಲ್ಲ.

ನಿಮ್ಮದು ಜೊತೆಯಲ್ಲೇ ಬೆಳೆದಿದ್ದರೆ ಅದೇ ದೊಡ್ಡ ಪುಣ್ಯ. ಮರಿ ವಯಸ್ಸಿನ ಒಂಟಿತನ ತುಂಬಾ ಕೆಟ್ಟದ್ದು. ಮೂರು ವಾರ ತುಂಬಿದ ಮೌಸ್ ಮರಿಗಳನ್ನು ಎರಡು ವಾರ ಬೇರೆ ಇಟ್ಟರೆ ಮಿದುಳಿನ ಮುಂಭಾಗದಲ್ಲಿ ನರಗಳ ಮೇಲಿನ ಮೈಲಿನ್ ಹೊದಿಕೆ ತೆಳ್ಳಗೇ ಉಳಿಯುತ್ತದೆ, ಆಮೇಲೆ ಗುಂಪಿಗೆ ಸೇರಿಸಿದರೂ ಸರಿಯಾಗಲಿಲ್ಲ ಅಂತ ಹಾರ್ವರ್ಡ್‌ನವರು 2012ರಲ್ಲೇ ಬರೆದರು.

ಈಗ ಜೊತೆ ಮಾಡಿಸೋದು ಹೇಗೆ? ಹೆಣ್ಣನ್ನೇ ತನ್ನಿ, ಇಲ್ಲದಿದ್ದರೆ ಮನೆ ತುಂಬಾ ಮರಿಗಳು. ಎರಡು ಗೂಡು ಅಕ್ಕಪಕ್ಕ ಇಟ್ಟು ವಾಸನೆ ಪರಿಚಯವಾಗಲಿ, ಹಾಸಿದ ಬಟ್ಟೆ ಅದಲು ಬದಲು ಮಾಡಿ. ಕೆಲವು ದಿನ ಬಿಟ್ಟು ಇಬ್ಬರಿಗೂ ಹೊಸದಾದ ಜಾಗದಲ್ಲಿ ಬಿಟ್ಟು, ಮೂತಿ ಎಲ್ಲಿಗೆ ಹೋಗುತ್ತದೆ ನೋಡಿ. ಕತ್ತಿನ ಹಿಂದೆ ಮೂತಿ ತಿಕ್ಕುತ್ತಾ ಉರುಳಾಡಿದರೆ ಅದು ಆಟ, ಸುಮ್ನೆ ಬಿಡಿ. ಕೂದಲು ನಿಮಿರಿಸಿಕೊಂಡು ಬೆನ್ನಿನ ಕೆಳಭಾಗಕ್ಕೆ ಬಾಯಿ ಹಾಕಿದರೆ ನಿಜವಾದ ಜಗಳ, ಬರಿಗೈ ಹಾಕದೆ ದಪ್ಪ ಟವೆಲ್ ಹಾಕಿ ಬೇರೆ ಮಾಡಿ.

ಹ್ಯಾಮ್‌ಸ್ಟರ್ ಸಾಕಿರುವವರಿಗೆ ಒಂದು ಮಾತು: ಇದನ್ನು ಓದಿ ಜೊತೆ ತರಬೇಡಿ. ಸಿರಿಯನ್ ಹ್ಯಾಮ್‌ಸ್ಟರ್ ದೊಡ್ಡದಾದ ಮೇಲೆ ಒಂಟಿಯಾಗೇ ಇರುವ ಪ್ರಾಣಿ, ಒಂದೇ ಗೂಡಿಗೆ ಎರಡು ಬಿಟ್ಟರೆ ಒಂದು ಸಾಯುವವರೆಗೂ ಕಾದಾಡಬಹುದು.