ವಿಟಮಿನ್ ಎಯಿಂದ ಬರುವ ರೆಟಿನೋಯಿಕ್ ಆಸಿಡ್‌ಗೆ ಹೆಪ್‌ಜಿ2 ಅನ್ನುವ ಲಿವರ್ ಕ್ಯಾನ್ಸರ್ ಕೋಶಗಳು ಸಾಯುತ್ತಿಲ್ಲ. ಡೋಸ್ 50 ಮೈಕ್ರೋಮೋಲಾರ್‌ಗೆ ಏರಿಸಲಾ? ಇಲ್ಲ ರೆಟಿನಾಲ್ ಹಾಕಲಾ?

ಏರಿಸಬೇಡಿ. ಪಿಎಚ್‌ಡಿ ಶುರುವಿನಲ್ಲಿ ನಾನು ಏರಿಸಿದೆ, ಒಂದಿಡೀ ಅಧ್ಯಾಯ ಕೈಬಿಡಬೇಕಾಯಿತು.

ಸೋಮವಾರ ಆಲ್-ಟ್ರಾನ್ಸ್ ರೆಟಿನೋಯಿಕ್ ಆಸಿಡ್ (ಇದೇ ಆಸಿಡ್‌ನ ಮುಖ್ಯ ರೂಪ) ಹಾಕುತ್ತಿದ್ದೆ, ಗುರುವಾರ ಎಂಟಿಟಿ ಮಾಡುತ್ತಿದ್ದೆ; ಬದುಕಿರುವ ಕೋಶಗಳು ನೇರಳೆ ಬಣ್ಣ ಕೊಡುವ ಪರೀಕ್ಷೆ ಅದು. ನಡುವೆ ಮೀಡಿಯಾ, ಅಂದರೆ ಕೋಶ ಬೆಳೆಸುವ ದ್ರವ, ಬದಲಿಸುತ್ತಿರಲಿಲ್ಲ. ಕಂಟ್ರೋಲ್ ವೆಲ್‌ಗಳಲ್ಲೂ ಔಷಧದ ವೆಲ್‌ಗಳಲ್ಲೂ ಅದೇ ಗಾಢ ನೇರಳೆ. ನಾನು ಎಡವಿದ್ದು ಡೋಸ್‌ನಲ್ಲಲ್ಲ, ಆ ಬದಲಿಸದ ಮೀಡಿಯಾದಲ್ಲಿ. ಹೆಪ್‌ಜಿ2 ಲಿವರ್‌ನಿಂದ ಬಂದ ಕೋಶ, ವಿಟಮಿನ್ ಎ ಅರಗಿಸುವುದು ಅದರ ಹುಟ್ಟುಗುಣ. ಆಸಿಡ್ ಒಳಗೆ ಹೋಗಿ ಆರ್‌ಎಆರ್ ಅನ್ನುವ, ಜೀನ್‌ಗಳನ್ನು ಆನ್ ಮಾಡುವ ರಿಸೆಪ್ಟರ್‌ಗೆ ಕೂರುತ್ತದೆ. ಆಗ ಜೋರಾಗಿ ಆನ್ ಆಗುವ ಜೀನ್‌ಗಳಲ್ಲಿ ಸಿವೈಪಿ26ಎ1 ಒಂದು. ಆ ಎಂಜೈಮ್‌ನ ಕೆಲಸವೇ ರೆಟಿನೋಯಿಕ್ ಆಸಿಡ್ಡನ್ನು ಆಕ್ಸಿಡೈಸ್ ಮಾಡಿ ಮುಗಿಸುವುದು! ಔಷಧವೇ ತನ್ನ ಶತ್ರುವನ್ನು ಕರೆಸಿಕೊಂಡ ಹಾಗೆ. ಗುರುವಾರದ ಹೊತ್ತಿಗೆ ಕೋಶಗಳ ಸುತ್ತ ಬರೀ ಮೀಡಿಯಾ ಇತ್ತು.

ಇದು ತಿಳಿಯದೆ ಡೋಸ್ ಏರಿಸಿದೆ. ಕೋಶಗಳು ಸತ್ತವು, ಖುಷಿಯಾಯಿತು. ಆಮೇಲೆ ಆರ್‌ಎಆರ್ ಬ್ಲಾಕರ್ ಜೊತೆ ಹಾಕಿ ನೋಡಿದರೆ ಆಗಲೂ ಅಷ್ಟೇ ಸಾವು. ಅಂದರೆ ರಿಸೆಪ್ಟರ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಸುಮ್ನೆ ವಿಷ. ಆ ರಿಸೆಪ್ಟರ್‌ಗೆ ನ್ಯಾನೋಮೋಲಾರ್ ಮಟ್ಟವೇ ಸಾಕು. 1 ಮೈಕ್ರೋಮೋಲಾರ್ ಧಾರಾಳವಾಯಿತು, ಆದರೆ ಪ್ರತಿದಿನ ಹೊಸ ಮೀಡಿಯಾ, ಹೊಸ ಔಷಧ, ಮಂದ ಬೆಳಕು. ಟ್ಯೂಬಿಗೆ ಫಾಯಿಲ್ ಸುತ್ತಿ, ಬೆಳಕಿಗೆ ಇದರ ರೂಪವೇ ಬದಲಾಗುತ್ತದೆ.

ಇನ್ನು ಕೋಶ ಸಾಯಲೇಬೇಕು ಅನ್ನುವ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಎಪಿಎಲ್ ಅನ್ನುವ ರಕ್ತ ಕ್ಯಾನ್ಸರ್‌ನಲ್ಲಿ ಈ ಆಸಿಡ್ ಗೆದ್ದದ್ದು ಎಳೆಯ ಕೋಶಗಳನ್ನು ಬಲಿಯುವಂತೆ ಮಾಡಿ, ನೇರವಾಗಿ ಕೊಂದು ಅಲ್ಲ. ಲಿವರ್ ಕ್ಯಾನ್ಸರ್‌ನಲ್ಲಿ ತೊಡಕು ಜಾಸ್ತಿ: ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ರಾಸ್-ಮ್ಯಾಪ್‌ಕೈನೇಸ್ ದಾರಿ, ಆರ್‌ಎಆರ್‌ನ ಜೊತೆಗಾರ ರಿಸೆಪ್ಟರ್ ಆರ್‌ಎಕ್ಸ್‌ಆರ್ ಆಲ್ಫಾಗೆ ಫಾಸ್ಫೇಟ್ ಅಂಟಿಸಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಜಪಾನಿನ ಅಸೈಕ್ಲಿಕ್ ರೆಟಿನಾಯ್ಡ್ (ವಿಟಮಿನ್ ಎಯನ್ನು ಹೋಲುವ ಔಷಧ) ಆಸೆ ಹುಟ್ಟಿಸಿದ್ದೂ ಕೊಲ್ಲುವ ಔಷಧವಾಗಿ ಅಲ್ಲ. 1996ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ, ಅದನ್ನು ತೆಗೆದುಕೊಂಡ, ಲಿವರ್ ಗಡ್ಡೆಗೆ ಮೊದಲೇ ಚಿಕಿತ್ಸೆ ಆದವರಲ್ಲಿ ಹೊಸ ಗಡ್ಡೆಗಳು ಕಡಿಮೆಯಾಗಿದ್ದವು.

ಹಾಗಾಗಿ ಮೊದಲು ಸಿವೈಪಿ26ಎ1ನ ಎಂಆರ್‌ಎನ್‌ಎ ಅಳೆಯಿರಿ. ಏರಿದ್ದರೆ ಔಷಧ ಒಳಗೆ ತಲುಪಿದೆ ಅಂತಲೇ ಅರ್ಥ. ಆಮೇಲೆ ಆಲ್ಬುಮಿನ್ (ಬಲಿತ ಲಿವರ್ ಕೋಶದ ಗುರುತು), ಎಎಫ್‌ಪಿ (ಎಳೆಯ ಕೋಶದ ಗುರುತು), ಪಿ21 (ಕೋಶ ವಿಭಜನೆ ತಡೆಯುವ ಪ್ರೋಟೀನ್) ನೋಡಿ. ಎಂಟಿಟಿ ಕೊನೆಗೆ. ಪಕ್ಕದಲ್ಲಿ ದೊಡ್ಡವರ ಲಿವರ್ ಕ್ಯಾನ್ಸರ್‌ನಿಂದ ಬಂದ ಹೂ7 ಕೋಶಗಳನ್ನೂ ಬೆಳೆಸಿ. ಹೆಪ್‌ಜಿ2 15 ವರ್ಷದ ಹುಡುಗನ ಗಡ್ಡೆಯಿಂದ ಬಂದದ್ದು. ಅದು ಹೆಪಟೋಬ್ಲಾಸ್ಟೋಮಾ, ಅಂದರೆ ಮಕ್ಕಳಲ್ಲಿ ಬರುವ ಲಿವರ್ ಗಡ್ಡೆ, ಅಂತ ಆಮೇಲೆ ಗೊತ್ತಾಯಿತು, ದೊಡ್ಡವರ ಲಿವರ್ ಕ್ಯಾನ್ಸರ್‌ಗೆ ಅದೊಂದನ್ನೇ ನಂಬಿಕೊಳ್ಳಬಾರದು.

ರೆಟಿನಾಲ್ ಹಾಕಲಾ ಅಂತಲೂ ಕೇಳಿದ್ದೀರಿ, ಅಲ್ವಾ? ಈಗ ಬೇಡ. ಅದು ವಿಟಮಿನ್ ಎ, ಅದನ್ನು ಕೋಶವೇ ಆಸಿಡ್ ಮಾಡಿಕೊಳ್ಳಬೇಕು. ಎಷ್ಟು ಮಾಡಿಕೊಂಡಿತು ಅಂತ ಅಳೆಯುವುದೇ ಇನ್ನೊಂದು ಪ್ರಾಜೆಕ್ಟ್ ಆಗುತ್ತದೆ.