ಸರ್ವ್‌ಗೆ ಮುಂಚಿನ ಎಂಟು ಸೆಕೆಂಡು

ಓದುಗರ ಪ್ರಶ್ನೆ, ನಮ್ಮ ಉತ್ತರ. ಹನ್ನೊಂದು, ಹನ್ನೆರಡನೇ ತರಗತಿಯ ದೈಹಿಕ ಶಿಕ್ಷಣದಲ್ಲಿ ಕ್ರೀಡಾ ಮನೋವಿಜ್ಞಾನ ಕಲಿಸುವವರೂ ಕಲಿಯುವವರೂ ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು.

ನಮ್ಮದು ಸಿಬಿಎಸ್‌ಇ ಶಾಲೆ. ಹನ್ನೆರಡನೇ ತರಗತಿಯ ‘ಮನೋವಿಜ್ಞಾನ ಮತ್ತು ಕ್ರೀಡೆ’ ಘಟಕದಲ್ಲಿ ಸೆಲ್ಫ್ ಟಾಕ್ (ತನಗೆ ತಾನೇ ಹೇಳಿಕೊಳ್ಳುವ ಮಾತು), ಮೆಂಟಲ್ ಇಮೇಜರಿ (ಮಾನಸಿಕ ಚಿತ್ರಣ, ಅಂದರೆ ಆಟವನ್ನು ಮನಸ್ಸಿನಲ್ಲೇ ಆಡಿ ನೋಡುವುದು), ಗೋಲ್ ಸೆಟ್ಟಿಂಗ್ (ಗುರಿ ಇಟ್ಟುಕೊಳ್ಳುವುದು) ಎಲ್ಲ ಇದೆ. ವ್ಯಾಖ್ಯೆ ಬರೆಸುತ್ತೇವೆ, ಮಕ್ಕಳು ಬಾಯಿಪಾಠ ಮಾಡಿ ಅಂಕ ತರುತ್ತಾರೆ. ಮೈದಾನದಲ್ಲಿ ಮಾಡಿಸೋಣವೆಂದರೆ 40 ನಿಮಿಷದ ಪೀರಿಯಡ್, 42 ಮಕ್ಕಳು, ಒಂದೇ ವಾಲಿಬಾಲ್ ಕೋರ್ಟ್. ಎಲ್ಲಿಂದ ಶುರು ಮಾಡಲಿ?
— ದೈಹಿಕ ಶಿಕ್ಷಕಿ, ಧಾರವಾಡ

ಎಲ್ಲವನ್ನೂ ಮಾಡಿಸಲು ಹೋಗಬೇಡಿ, ಒಂದನ್ನು ಹಿಡಿಯಿರಿ. ವಾಲಿಬಾಲ್‌ನಲ್ಲಿ ರೆಫರಿ ಸೀಟಿ ಊದಿದ ಮೇಲೆ ಸರ್ವ್ ಮಾಡಲು 8 ಸೆಕೆಂಡು ಸಿಗುತ್ತದೆ. ಆ ಎಂಟು ಸೆಕೆಂಡಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಆರು ಪೀರಿಯಡ್ ಕಲಿಸಿ. ನೀವು ಹೇಳಿದವುಗಳಲ್ಲಿ ಸೆಲ್ಫ್ ಟಾಕ್, ಗೋಲ್ ಸೆಟ್ಟಿಂಗ್ ಎರಡೂ ಅದರೊಳಗೇ ಬರುತ್ತವೆ, ಇಮೇಜರಿ ಮುಂದಿನ ಉತ್ತರದಲ್ಲಿದೆ. ಬರೀ ವ್ಯಾಖ್ಯೆ ಬರೆಸಿ ಮುಗಿಸಿದರೆ ಆ ಘಟಕ ಕಲಿಸಿದಂತಾಗಲಿಲ್ಲ ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕೋರ್ಟ್ ಒಂದೇ ಇರುವುದರಿಂದ ಮೊದಲು ಗೋಡೆ ಸಾಕು. ಮೂವರ 14 ತಂಡ ಮಾಡಿ: ಒಬ್ಬರು ಎಸೆಯಲು, ಒಬ್ಬರು ಎಣಿಸಲು, ಒಬ್ಬರು ಚೆಂಡು ಹೆಕ್ಕಲು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ಸೀಮೆಸುಣ್ಣದ ವೃತ್ತ, 5 ಮೀಟರ್ ದೂರದಲ್ಲಿ ಗೆರೆ, ಕೈಯಲ್ಲಿ ಟೆನಿಸ್ ಚೆಂಡು. ರೂಢಿಯಿಲ್ಲದ ಕೈಯಿಂದಲೇ ಎಸೆಯಲಿ. ರೂಢಿಯ ಕೈಯಾದರೆ ಕ್ರಿಕೆಟ್ ಆಡುವ ಹುಡುಗರು ಹತ್ತಕ್ಕೆ ಹತ್ತು ಹೊಡೆದುಬಿಡುತ್ತಾರೆ, ಮುಂದೆ ಸುಧಾರಣೆ ಅಳೆಯಲು ಜಾಗವೇ ಉಳಿಯುವುದಿಲ್ಲ. ಹತ್ತರಲ್ಲಿ ನಾಲ್ಕರಿಂದ ಆರು ತಾಗುವಂತಿದ್ದರೆ ದೂರ ಸರಿಯಾಗಿದೆ. ಎಂಟು ದಾಟಿದರೆ ಗೆರೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಹಾಕಿ.

ಮೊದಲ ಪೀರಿಯಡ್‌ನಲ್ಲಿ ಗದ್ದಲವಿಲ್ಲದೆ ತಲಾ 10 ಎಸೆತ, ಎರಡು ಸುತ್ತು. ಅಂಕಿ ಬರೆದಿಡಿ.

ಎರಡನೆಯದರಲ್ಲಿ ಒತ್ತಡ ತನ್ನಿ. ತರಗತಿಯೆಲ್ಲ ನಿಂತು ನೋಡುತ್ತಿರುವಾಗ ಒಬ್ಬೊಬ್ಬರಾಗಿ 5 ಎಸೆತ, ಮೂವರ ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳುವುದು. ಮುಂದಿನವರು ಸಿದ್ಧವಾಗಿ ನಿಂತಿದ್ದರೆ 42 ಮಕ್ಕಳದ್ದೂ 25 ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬೊಬ್ಬರ ಅಂಕಿಯನ್ನು ಮಾತ್ರ ಸಾರಬೇಡಿ, ಅದು ಪಾಠವಾಗದೆ ಅವಮಾನವಾಗುತ್ತದೆ. ಕೆಲವರ ಎಸೆತ ಕೆಡುತ್ತದೆ, ಕೆಲವರದು ಸುಧಾರಿಸುತ್ತದೆ. ಎರಡೂ ನಿಮಗೆ ಬೇಕಾದದ್ದೇ. ಜೊತೆಗೆ ಇನ್ನೊಬ್ಬರಿದ್ದಾಗ ಸೈಕಲ್ ಸವಾರರು ಇನ್ನೂ ಜೋರಾಗಿ ತುಳಿಯುತ್ತಾರೆಂದು ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದರು. ಉಳಿದ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಹಾಳೆಯಲ್ಲಿ ಎರಡು ಕಾಲಂ ಬರೆಯಲಿ: ತಲೆಯಲ್ಲಿ ಏನು ಓಡಿತು, ಮೈಯಲ್ಲಿ ಏನಾಯಿತು. ಆತಂಕದ ಎರಡು ಮುಖಗಳನ್ನು ನೀವು ವಿವರಿಸುವ ಮೊದಲೇ ಮಕ್ಕಳು ಬರೆದಿರುತ್ತಾರೆ.

ಮೂರನೆಯದರಲ್ಲಿ ಕ್ರಮ ಕಟ್ಟಿಸಿ. ಕಾಲು ಊರಿ ನಿಲ್ಲುವುದು, ಚೆಂಡನ್ನು ಎರಡು ಸಲ ಪುಟಿಸುವುದು, ಒಂದು ಉದ್ದನೆಯ ಉಸಿರು ಬಿಡುತ್ತಾ ಗುರಿ ನೋಡುವುದು, ಮನಸ್ಸಿನಲ್ಲಿ ಒಂದು ಪದ ಹೇಳಿಕೊಂಡು ಎಸೆಯುವುದು. ಒಟ್ಟು 8 ಸೆಕೆಂಡು ದಾಟಬಾರದು. ಆ ಪದ ಏನು ಮಾಡಬೇಕೆಂದು ಹೇಳಬೇಕು. ‘ತಪ್ಪಿಸಬೇಡ’ ಅಂದುಕೊಂಡವನ ಕಣ್ಣ ಮುಂದೆ ಬರುವುದು ತಪ್ಪೇ. ‘ಎತ್ತರ’, ‘ಮಣಿಕಟ್ಟು’, ‘ನಿಧಾನ’ ಇಂಥವು ಒಳ್ಳೆಯವು. ಪದವನ್ನು ಮಕ್ಕಳೇ ಆರಿಸಲಿ, ನಿಮ್ಮ ಪದ ಅವರ ಬಾಯಲ್ಲಿ ನಿಲ್ಲುವುದಿಲ್ಲ. ಗುರಿಯೂ ಎರಡು ಬಗೆಯದಿರಲಿ: ‘ಹತ್ತರಲ್ಲಿ ಆರು ತಾಗಿಸುತ್ತೇನೆ’ ಒಂದು, ‘ಹತ್ತೂ ಎಸೆತಕ್ಕೆ ನಾಲ್ಕೂ ಹೆಜ್ಜೆ ತಪ್ಪದೆ ಮಾಡುತ್ತೇನೆ’ ಇನ್ನೊಂದು. ಎರಡನೆಯದು ಪೂರ್ತಿ ಅವರ ಕೈಯಲ್ಲೇ ಇದೆ, ಹಾಗಾಗಿ ಮೊದಲು ಅದನ್ನೇ ಎಣಿಸಿ.

ನಾಲ್ಕನೆಯದರಲ್ಲಿ ಏಳು ತಂಡ ಕ್ರಮದೊಂದಿಗೆ ಅಭ್ಯಾಸ ಮಾಡಲಿ, ಉಳಿದ ಏಳು ತಂಡ ಕ್ರಮವಿಲ್ಲದೆ ಅಷ್ಟೇ ಎಸೆತ ಎಸೆಯಲಿ. ಐದನೆಯದರಲ್ಲಿ ಎಲ್ಲರೂ ಕ್ರಮದೊಂದಿಗೆ. ಈ ವಿಂಗಡಣೆ ಬಿಟ್ಟರೆ ಪಾಠದ ಅರ್ಧ ಹೋದಂತೆ. ಸುಧಾರಿಸಿದ್ದು ಕ್ರಮದಿಂದಲೋ ಬರೀ ಎಸೆದೆಸೆದು ಕೈ ಪಳಗಿದ್ದರಿಂದಲೋ ಎಂದು ಯಾರಾದರೊಬ್ಬ ವಿದ್ಯಾರ್ಥಿ ಕೇಳಬೇಕು. ಯಾರೂ ಕೇಳದಿದ್ದರೆ ನೀವೇ ಕೇಳಿ. ಇಪ್ಪತ್ತೊಂದು ಮಕ್ಕಳ ಅಂಕಿಯಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಡಿ. ಆರನೆಯದರಲ್ಲಿ ಮತ್ತೆ ಎಲ್ಲರೆದುರು 5 ಎಸೆತ. ಅಲ್ಲಿಂದ ಮುಂದೆ ಇದೇ ಕ್ರಮ ಕೋರ್ಟ್‌ನ ಸರ್ವ್‌ಗೆ ಹೋಗಲಿ.

ಕೆಡುವುದು ಎಲ್ಲಿ? ಟಿವಿಯಲ್ಲಿ ಕಂಡದ್ದನ್ನೆಲ್ಲ ಸೇರಿಸಿ ಮಕ್ಕಳು ಕ್ರಮವನ್ನು ಉದ್ದ ಮಾಡುತ್ತಾರೆ. ಶಿಕ್ಷಕರು ಎಲ್ಲರಿಗೂ ಒಂದೇ ಕ್ರಮ ಹೇರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತ ಕ್ರಮ ಕಲಿಸಿ ಇತ್ತ ‘ಬೇಗ, ಬೇಗ’ ಎಂದು ಕೂಗುತ್ತೇವೆ.

ಮಾನಸಿಕ ಚಿತ್ರಣ ಮಾಡಿಸೋಣವೆಂದು ಕಣ್ಣು ಮುಚ್ಚಿ ಕೂರಿಸಿದರೆ ಅರ್ಧ ತರಗತಿ ನಿದ್ದೆ, ಉಳಿದರ್ಧ ಕಿಸಿಕಿಸಿ ನಗು.
— ದೈಹಿಕ ಶಿಕ್ಷಕ, ಮಂಡ್ಯ

ಮಧ್ಯಾಹ್ನ ಊಟದ ಮೇಲೆ ಕೂರಿಸಿದರೆ ಮೇಷ್ಟ್ರಿಗೂ ನಿದ್ದೆ ಬರುತ್ತದೆ! ಕೂರಿಸುವುದನ್ನು ಬಿಡಿ. ಹೋಮ್ಸ್ ಮತ್ತು ಕಾಲಿನ್ಸ್ 2001ರಲ್ಲಿ ಕೊಟ್ಟ ‘ಪೆಟ್‌ಲೆಪ್’ ಮಾದರಿಯ ತಿರುಳು ಇಷ್ಟೇ: ಕಲ್ಪನೆ ನಿಜವಾದ ಆಟಕ್ಕೆ ಎಷ್ಟು ಹತ್ತಿರವೋ ಅಷ್ಟು ಉಪಯೋಗ. ಆಟದ ನಿಲುವು, ಆಡುವ ಜಾಗ, ತಗಲುವ ಸಮಯ, ಆಗಿನ ಭಾವನೆ ಎಲ್ಲ ಸೇರಬೇಕು. ಉದ್ದಜಿಗಿತದವಳು ಬೂಟು ಹಾಕಿ, ಓಟ ಶುರುವಾಗುವ ಗುರುತಿನಲ್ಲೇ, ಕಣ್ಣು ತೆರೆದು ನಿಲ್ಲಲಿ.

ಒಂದು ಪರೀಕ್ಷೆ ಇದೆ, ಮಕ್ಕಳಿಗೆ ಬಹಳ ಹಿಡಿಸುತ್ತದೆ. ನಿಜವಾದ ಓಟ ಮತ್ತು ಜಿಗಿತಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಆಮೇಲೆ ಮನಸ್ಸಿನಲ್ಲೇ ಓಡಿ ಜಿಗಿಯಲಿ. ಶುರು ಮಾಡಿದಾಗಲೂ ಮರಳಿಗೆ ಬಿದ್ದಾಗಲೂ ಅವಳೇ ಗುಂಡಿ ಒತ್ತಲಿ. ನಿಜಕ್ಕೆ 5 ಸೆಕೆಂಡು, ಮನಸ್ಸಿನಲ್ಲಿ 2 ಸೆಕೆಂಡು ಎಂದಾದರೆ ನಡುವೆ ಯಾವುದೋ ಭಾಗ ಹಾರಿಹೋಗಿದೆ. ಸಾಮಾನ್ಯವಾಗಿ ಕೊನೆಯ ಮೂರು ಹೆಜ್ಜೆ. ಅದನ್ನೇ ಬಿಡಿಸಿ ಮತ್ತೆ ನೆನೆಯಲಿ. ಮೂರು ಸಲ ಸಾಕು, ಎರಡು ನಿಮಿಷದ ಕೆಲಸ. ಹಲಗೆಯ ಮೇಲೆ ಫೌಲ್ ಆದದ್ದೇ ಕಣ್ಣಿಗೆ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ನಿಜವಾಗಿ ಒಂದು ಸರಿಯಾದ ಓಟ ಓಡಿಸಿ, ಬಿಸಿಯಿರುವಾಗಲೇ ಅದನ್ನು ನೆನೆಯಲು ಹೇಳಿ. ಜಿಗಿತವನ್ನೇ ಕಲಿಯದವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ, ನೆನೆಯಲು ಅವರಲ್ಲಿ ಸರಿಯಾದ ಚಿತ್ರವೇ ಇರುವುದಿಲ್ಲ.

ಸರ್, ನಾನು ಕಬಡ್ಡಿ ರೇಡರ್. ಪ್ರಾಕ್ಟೀಸ್‌ನಲ್ಲಿ ಎಲ್ಲ ಸರಿ. ಟೂರ್ನಿಯಲ್ಲಿ ‘ಮಾಡು ಇಲ್ಲವೇ ಮಡಿ’ ರೇಡ್ (ಪಾಯಿಂಟ್ ತರದಿದ್ದರೆ ರೇಡರ್ ಔಟ್) ಬಂದರೆ ಕಾಲು ನಡುಗುತ್ತದೆ, ಗೆರೆ ದಾಟಿದ ಮೇಲೆ ಏನು ಮಾಡಬೇಕೆಂದೇ ತೋಚುವುದಿಲ್ಲ.
— ಹನ್ನೊಂದನೇ ತರಗತಿ ವಿದ್ಯಾರ್ಥಿ, ಕಲಬುರಗಿ

ನಿಮ್ಮ ತೊಂದರೆ ಎರಡು, ಮದ್ದೂ ಎರಡು. ಕಾಲು ನಡುಗುವುದು ಮೈಯ ಆತಂಕ, ತೋಚದಿರುವುದು ಮನಸ್ಸಿನದು.

ಮೈಗೆ ಉಸಿರು. ಪಂದ್ಯಕ್ಕೆ ಐದು ನಿಮಿಷ ಮುಂಚೆ ನಾಲ್ಕು ಎಣಿಸುತ್ತಾ ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ನಾಲ್ಕೈದು ಸಲ ಸಾಕು. ಹೆಚ್ಚು ಮಾಡಿದರೆ ಹೆಚ್ಚು ಲಾಭ ಎಂದು ಬುಸುಬುಸು ಉಸಿರಾಡಬೇಡಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಆಗ ಆತಂಕ ಇಮ್ಮಡಿ. ರೇಡ್‌ಗೆ ಹೊರಡುವಾಗ ಒಂದು ಸಲ ಪೂರ್ತಿ ಬಿಟ್ಟು, ಒಂದು ಸಲ ತುಂಬ ಎಳೆದು ‘ಕಬಡ್ಡಿ’ ಶುರು ಮಾಡಿ. ಸ್ನಾಯುಗಳನ್ನು ಒಂದೊಂದಾಗಿ ಬಿಗಿಮಾಡಿ ಸಡಿಲಿಸುವ ಜೇಕಬ್ಸನ್ ವಿಧಾನ ನಿಮ್ಮ ಪುಸ್ತಕದಲ್ಲಿದ್ದರೆ ಅದನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ: 5 ಸೆಕೆಂಡು ಬಿಗಿ, 20 ಸೆಕೆಂಡು ಸಡಿಲ. ಪಂದ್ಯದ ಮುಂಚೆ ಮಾಡಿದರೆ ಮೈ ಜಡವಾಗುತ್ತದೆ.

ಮನಸ್ಸಿಗೆ ಮುಂಚಿನ ತೀರ್ಮಾನ. ರೇಡ್‌ಗೆ ಸಿಗುವುದೇ 30 ಸೆಕೆಂಡು, ಅಷ್ಟರಲ್ಲಿ ಹೊಸದಾಗಿ ಯೋಚಿಸುವುದು ಆಗದ ಮಾತು. ‘ಹೀಗಾದರೆ ಹೀಗೆ’ ಎಂದು ಎರಡೇ ಎರಡು ತೀರ್ಮಾನ ಹೊತ್ತು ಹೋಗಿ. ಎಡ ತುದಿಯ ರಕ್ಷಕ, ಅಂದರೆ ಎಡ ಕಾರ್ನರ್, ಮುಂದೆ ಬಂದರೆ ಅವನ ಕಡೆ ಟೋ ಟಚ್ (ಕಾಲ್ಬೆರಳು ಚಾಚಿ ಮುಟ್ಟುವುದು). ಬರದಿದ್ದರೆ ಬಲಗಡೆ ಕಾರ್ನರ್ ಪಕ್ಕ ನಿಲ್ಲುವ ‘ಇನ್’ ರಕ್ಷಕನತ್ತ ಕೈ ಚಾಚು. ಮೂರನೆಯದು ಬೇಡ. ಇದನ್ನು ಪ್ರಾಕ್ಟೀಸ್‌ನಲ್ಲಿ ಒತ್ತಡದೊಂದಿಗೇ ಮಾಡಿ: ಸ್ಕೋರ್ 28-29, ಉಳಿದದ್ದು ಒಂದು ನಿಮಿಷ, ಹಿಂದಿನ ಎರಡು ರೇಡ್ ಖಾಲಿ, ಸುತ್ತ ಗೆಳೆಯರ ಕೂಗಾಟ. ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ರೇಡ್ ಇರಲಿ.

ಇಷ್ಟು ಮಾಡಿದರೂ ನಡುಕ ಪೂರ್ತಿ ಹೋಗದು. ಹೋಗಬೇಕಾಗಿಯೂ ಇಲ್ಲ. ನಡುಗುವ ಕಾಲಿನಿಂದಲೂ ಟೋ ಟಚ್ ಆಗುತ್ತದೆ.

ಉದ್ವೇಗ ಏರಿದಂತೆ ಆಟ ಸುಧಾರಿಸಿ, ಒಂದು ಮಟ್ಟ ದಾಟಿದರೆ ಕುಸಿಯುತ್ತದೆ ಎಂದು ತಲೆಕೆಳಗಾದ ‘ಯು’ ಆಕಾರದ ಗೆರೆ ಬರೆದು ಕಲಿಸುತ್ತೇವೆ. ಇದು ಎಷ್ಟು ನಿಜ?
— ಉಪನ್ಯಾಸಕ, ಶಿವಮೊಗ್ಗ

ಗೆರೆಯ ಮೂಲ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗ. ಆಡಿದ್ದು ಮನುಷ್ಯರಲ್ಲ, ಇಲಿಗಳು. ಕಪ್ಪು, ಬಿಳಿ ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಆರಿಸಲು ಅವು ಎಷ್ಟು ಬೇಗ ಕಲಿಯುತ್ತವೆ ಎಂದು ಬೇರೆಬೇರೆ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಕ್ರೀಡೆಗೆ ಅದನ್ನು ತಂದದ್ದು ಆಮೇಲಿನವರು. ಚಿತ್ರವಾಗಿ ಇಟ್ಟುಕೊಳ್ಳಿ, ನಿಯಮವಾಗಿ ಬೇಡ. ರೈಫಲ್ ಹಿಡಿದವರಿಗೂ ಭಾರ ಎತ್ತುವವರಿಗೂ ಬೇಕಾದ ಉದ್ವೇಗ ಒಂದಲ್ಲ. ಒಂದೇ ಆಟದ ಇಬ್ಬರಿಗೂ ಒಂದಲ್ಲ. ಕ್ರೀಡಾ ಮನೋವಿಜ್ಞಾನಿ ಯೂರಿ ಹಾನಿನ್ ಹೇಳಿದ್ದು ಇದನ್ನೇ: ಪ್ರತಿ ಆಟಗಾರರಿಗೂ ಅವರದೇ ಆದ ವಲಯವಿದೆ.

ತರಗತಿಯಲ್ಲಿ ಇದನ್ನು ಕಾಣಿಸುವುದು ಸುಲಭ. ಪ್ರತಿ ಪಂದ್ಯಕ್ಕೆ ಮುಂಚೆ ಉದ್ವೇಗಕ್ಕೆ 1ರಿಂದ 10ರೊಳಗೆ ಒಂದು ಅಂಕಿ, ಮುಗಿದ ಮೇಲೆ ಆಟಕ್ಕೊಂದು ಅಂಕಿ. ಎಂಟು ಹತ್ತು ಪಂದ್ಯವಾದ ಮೇಲೆ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿಸಿ. ಮುಂಚಿನ ಅಂಕಿಯನ್ನು ಮುಂಚೆಯೇ ಬರೆಸಬೇಕು. ಸೋತು ಬಂದವರು ‘ಆಗಲೇ ಹೆದರಿದ್ದೆ’ ಅನ್ನುವುದು ಸಹಜ.

ಎಸ್‌ಸಿಎಟಿ (ಸ್ಪೋರ್ಟ್ ಕಾಂಪಿಟಿಷನ್ ಆಂಗ್ಸೈಟಿ ಟೆಸ್ಟ್) ಪ್ರಶ್ನಾವಳಿಯ ಅಂಕ ನೋಡಿ ಶಾಲಾ ತಂಡ ಆರಿಸಬಹುದೇ?
— ಕೋಚ್, ಮೈಸೂರು

ಬೇಡ. ರೈನರ್ ಮಾರ್ಟೆನ್ಸ್ 1977ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿ 15 ಹೇಳಿಕೆ ಇವೆ, ಅಂಕಕ್ಕೆ ಸೇರುವುದು 10 ಮಾತ್ರ. ಮೊತ್ತ 10ರಿಂದ 30ರವರೆಗೆ. ಸ್ಪರ್ಧೆಯಲ್ಲಿ ಆತಂಕಪಡುವ ಪ್ರವೃತ್ತಿ ಎಷ್ಟೆಂದು ಅದು ಹೇಳುತ್ತದೆ, ಆಟ ಎಷ್ಟು ಬರುತ್ತದೆಂದು ಹೇಳುವುದಿಲ್ಲ. ಆಯ್ಕೆಗೆ ಎಂದು ಗೊತ್ತಾದ ಕೂಡಲೇ ಮಕ್ಕಳು ನಿಮಗೆ ಇಷ್ಟವಾಗುವ ಉತ್ತರಕ್ಕೇ ಟಿಕ್ ಹಾಕುತ್ತಾರೆ. ಪಾಠಕ್ಕೆ ಬಳಸುವುದಾದರೆ ಅವರವರ ಹಾಳೆಯನ್ನು ಅವರೇ ಲೆಕ್ಕ ಹಾಕಿ, ಅವರೇ ಇಟ್ಟುಕೊಳ್ಳಲಿ.

ಖೋಖೋ ತಂಡದ ಹುಡುಗಿಯರಲ್ಲಿ ಹಾಸ್ಟೆಲಿನವರು ಒಂದು ಗುಂಪು, ಊರಿನವರು ಒಂದು ಗುಂಪು. ಮಾತೇ ಇಲ್ಲ. ಪಿಕ್‌ನಿಕ್‌ಗೆ ಕರೆದೊಯ್ದರೆ ಸರಿಹೋದೀತೇ?
— ದೈಹಿಕ ಶಿಕ್ಷಕಿ, ಹಾಸನ

ಎರಡು ಬಸ್ಸಿನ ಪಿಕ್‌ನಿಕ್ ಆದೀತು. ಗೆಳೆತನದ ಒಗ್ಗಟ್ಟು ಬೇರೆ, ಕೆಲಸದ ಒಗ್ಗಟ್ಟು ಬೇರೆ. ಆಟಕ್ಕೆ ಮೊದಲು ಬೇಕಾದದ್ದು ಎರಡನೆಯದು, ನಿಮ್ಮ ಕೈಯಲ್ಲಿರುವುದೂ ಅದೇ. ಕೂತ ಎಂಟು ಮಂದಿಯಲ್ಲಿ ಎರಡೂ ಗುಂಪಿನವರು ಒಬ್ಬರ ಪಕ್ಕ ಒಬ್ಬರು ಬರುವಂತೆ ಚೌಕಗಳನ್ನು ಹಂಚಿ. ಅಭ್ಯಾಸದ ಜೋಡಿಗಳನ್ನು ಪ್ರತಿ ವಾರ ಬದಲಿಸಿ. ತಡವಾದ ಖೋ ಎಷ್ಟು, ಖೋ ಸಿಕ್ಕ ಮೇಲೆ ಏಳಲು ತಡವಾದದ್ದೆಷ್ಟು ಎಂದು ಜೋಡಿಯ ಹೆಸರಿನಲ್ಲೇ ಎಣಿಸಿ. ಪಾಲು ಕಾಣದ ಕಡೆ ಶ್ರಮ ಇಳಿಯುತ್ತದೆ. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುವುದನ್ನು ಫ್ರಾನ್ಸಿನ ರಿಂಗೆಲ್‌ಮನ್ ಅಳೆದು ತೋರಿಸಿದ್ದರು. ಮಾತು ಬೆಳೆದರೆ ಸಂತೋಷ, ಬೆಳೆಯದಿದ್ದರೂ ಖೋ ಸರಿಯಾದ ಹೊತ್ತಿಗೆ ಬೀಳಬೇಕು.

ಇದನ್ನೆಲ್ಲ ಕಲಿಸುವ ನಾವು ಮಕ್ಕಳಿಗೆ ಕೌನ್ಸೆಲಿಂಗ್ ಕೂಡ ಮಾಡಬಹುದೇ?
— ದೈಹಿಕ ಶಿಕ್ಷಕ, ಉಡುಪಿ

ಇಲ್ಲ. ಸರ್ವ್‌ಗೆ ಮುಂಚಿನ ಭಯ ನಿಮ್ಮ ಕ್ಷೇತ್ರ. ಎರಡು ವಾರದಿಂದ ಊಟ, ನಿದ್ದೆ ಕೆಟ್ಟಿರುವುದು, ಇಷ್ಟದ ಆಟವನ್ನೇ ಬಿಟ್ಟಿರುವುದು, ಮೈಮೇಲೆ ತಾನೇ ಮಾಡಿಕೊಂಡ ಗಾಯ, ಸಾಯುವ ಮಾತು ಇವು ನಿಮ್ಮ ಕ್ಷೇತ್ರವಲ್ಲ. ಕೇಳಿಸಿಕೊಳ್ಳಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಶಾಲೆಯ ಆಪ್ತ ಸಮಾಲೋಚಕರಿಗೂ ಪೋಷಕರಿಗೂ ಅಂದೇ ತಿಳಿಸಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಆಕ್ರಮಣಶೀಲತೆಯ ಮೂರು ಬಗೆಗಳಿಗೆ ಉದಾಹರಣೆ ಬರೆಯುವಾಗ ಪ್ರತಿ ಸಲ ಗೊಂದಲ.
— ಹನ್ನೆರಡನೇ ತರಗತಿ ವಿದ್ಯಾರ್ಥಿನಿ, ಬೆಂಗಳೂರು

ಉದ್ದೇಶ ಕೇಳಿ, ನಿಯಮ ನೋಡಿ. ನಿಯಮದೊಳಗೇ ಬಲವಾಗಿ ತೊಡೆ ಹಿಡಿದು ರೇಡರ್‌ನನ್ನು ಉರುಳಿಸಿದರೆ ಅಸರ್ಟಿವ್, ನೋಯಿಸುವ ಉದ್ದೇಶವಿಲ್ಲ. ಎದುರಾಳಿಯ ಒಳ್ಳೆಯ ರೇಡರ್ ಆಟದಿಂದ ಹೊರಹೋದರೆ ಗೆಲ್ಲಬಹುದೆಂದು ಅವನ ಮಂಡಿ ತಿರುಚಿದರೆ ಇನ್‌ಸ್ಟ್ರುಮೆಂಟಲ್. ಸೀಟಿ ಊದಿದ ಮೇಲೆ ಸಿಟ್ಟಿನಿಂದ ಒದ್ದರೆ ಹಾಸ್ಟೈಲ್. ಅಲ್ಲಿ ನೋಯಿಸುವುದೇ ಗುರಿ, ಪಾಯಿಂಟ್ ಅಲ್ಲ. ಮೂರಕ್ಕೂ ಒಂದೇ ಆಟದ ಉದಾಹರಣೆ ಕೊಡಿ, ವ್ಯತ್ಯಾಸ ನಿಮಗೂ ಮೌಲ್ಯಮಾಪಕರಿಗೂ ಚೆನ್ನಾಗಿ ಕಾಣುತ್ತದೆ.