ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟ ನೋಟಿಸು

ಓದುಗರೊಬ್ಬರ ಪತ್ರ: "ಮೂರು ತಿಂಗಳ ಕರೆಂಟ್ ಬಿಲ್ ಬಾಕಿ ಇದೆ. ಸಂಪರ್ಕ ಕಡಿತದ ನೋಟಿಸ್ ಬಂದು ಒಂಬತ್ತು ದಿನ ಆಯ್ತು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದೇನೆ. ಕಚೇರಿಗೆ ಹೋಗಿ ಬೇಡಿಕೊಳ್ಳಲು ನಾಚಿಕೆ. ಬಳಸಿದ ಮೇಲೆ ಕಟ್ಟಬೇಕು, ಅವರದ್ದೇನೂ ತಪ್ಪಿಲ್ಲ. ಬಡ್ಡಿಗೆ ಸಾಲ ತಂದು ಕಟ್ಟಿಬಿಡಲೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ."

ಹೆಸರು ಹಾಕುವುದಿಲ್ಲ. ಆದರೆ ಬೈಯದೆ ಬಿಡುವುದೂ ಇಲ್ಲ.

ಬಳಸಿದ ಮೇಲೆ ಕಟ್ಟಬೇಕು ಅಂದಿದ್ದೀರಿ. ನಿಜ. ಕರೆಂಟ್ ಪುಕ್ಕಟೆ ಬರುವುದಿಲ್ಲ, ನೀವು ಕಟ್ಟದೇ ಹೋದದ್ದು ಒಂದಲ್ಲ ಒಂದು ದಿನ ಪಕ್ಕದ ಮನೆಯವರ ಬಿಲ್ಲಿಗೆ ಬಂದು ಸೇರುತ್ತದೆ. ಕಂಪನಿಯವರ ಪರವಾಗಿ ನಾನು ಹೇಳುವುದು ಇಷ್ಟೇ. ಉಳಿದ ಜಾಗವೆಲ್ಲ ನಿಮಗೆ.

ಒಂಬತ್ತು ದಿನ! ಆ ನೋಟಿಸಿನಲ್ಲಿ ನಿಮಗೆ ಅನುಕೂಲವಾದದ್ದು ಏನಾದರೂ ಇದ್ದರೆ ಅದು ಗಡುವು ಒಂದೇ. ಅದನ್ನೇ ಕ್ಯಾಲೆಂಡರ್ ಹಿಂದೆ ಕೊಳೆಹಾಕಿದ್ದೀರಿ. ಬೈಯುವ ಹಕ್ಕು ನನಗಿದೆ, ಯಾಕೆಂದರೆ ನಾನೂ ಇದನ್ನೇ ಮಾಡಿದವನು.

ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಬಾಡಿಗೆ ಕೋಣೆ. ಎರಡು ಬಿಲ್ ಬಾಕಿ ಇತ್ತು. ಮೂರನೆಯದನ್ನು ತೆರೆದು ನೋಡುವ ಧೈರ್ಯವಾಗದೆ ನಿಘಂಟಿನೊಳಗೆ ಇಟ್ಟೆ. ಲೈನ್‌ಮನ್ ಒಮ್ಮೆ ಬಂದು, "ನಾಡಿದ್ದು ಬರ್ತೀನಿ, ಅಷ್ಟರೊಳಗೆ ಕಟ್ಟಿಬಿಡಿ" ಅಂದು ಹೋದರು. ನಾಡಿದ್ದು ನಾನು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ. ಅವರು ಎರಡು ಸಲ ಕದ ತಟ್ಟಿದರು, ಆಮೇಲೆ ಫ್ಯೂಸ್ ಕಿತ್ತುಕೊಂಡು ಹೋದರು. ಆ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ಕರಡು ತಿದ್ದಿದೆ. ಮೇಣ ಹಾಳೆಯ ಮೇಲೆ ಬಿದ್ದು ಒಂದು ಪ್ಯಾರಾ ಓದಲಾಗದಂತಾಯ್ತು. ಅಚ್ಚಿನ ಮೊಳೆ ಜೋಡಿಸುವವರು ಮರುದಿನ ಅದನ್ನು ಬೆಳಕಿಗೆ ಹಿಡಿದು, "ಇದೇನು ಸಾರ್, ಎಣ್ಣೆಕಾಗದನಾ?" ಅಂದರು.

ಕೊನೆಗೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ನನ್ನ ಮುಖ ಕೂಡ ನೋಡಲಿಲ್ಲ, ಲೆಡ್ಜರ್ ತಿರುವುತ್ತಲೇ ಹೇಳಿದರು: "ಹೋದ ವಾರ ಬಂದಿದ್ರೆ ಮೂರು ಕಂತು ಮಾಡಿಕೊಡ್ತಿದ್ದೆ. ಈಗ ಮರುಸಂಪರ್ಕದ ಶುಲ್ಕಾನೂ ಸೇರಿಸಿ ಕಟ್ಟಿ." ನನ್ನ ನಾಚಿಕೆಗೆ ನಾನು ತೆತ್ತ ದಂಡ ಅದು. ಅವರಿಗೋ, ನಾನು ದಿನಕ್ಕೆ ಬರುವ ನಲವತ್ತು ಮಂದಿಯಲ್ಲಿ ಒಬ್ಬ.

ಹಾಗಾಗಿ "ಬೇಡಿಕೊಳ್ಳುವುದು" ಎಂಬ ನಿಮ್ಮ ಪದವನ್ನು ಮೊದಲು ಹೊಡೆದುಹಾಕುತ್ತೇನೆ, ಸಂಪಾದಕನ ಅಧಿಕಾರದಿಂದ. ಕಂತು ಕೇಳುವುದು ವ್ಯವಹಾರ. ಸಂಪರ್ಕ ಕಡಿದು, ಮತ್ತೆ ಜೋಡಿಸಿ, ಬಾಕಿ ವಸೂಲಿಗೆ ಅಲೆಯುವುದು ಅವರಿಗೂ ಖರ್ಚಿನ ಬಾಬತ್ತೇ. ಬರುವ ಗಿರಾಕಿ ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತೇನೆ ಅಂದರೆ ಅವರಿಗೂ ಲಾಭವೇ.

ನಾಳೆ ಹೋಗುವ ಮುಂಚೆ ಮೀಟರಿನ ಮುಂದೆ ನಿಂತು ಅಂಕಿಯ ಫೋಟೊ ತೆಗೆಯಿರಿ. ಬಿಲ್ಲಿನಲ್ಲಿರುವ ರೀಡಿಂಗ್ ಜೊತೆ ಹೋಲಿಸಿ. ಮೀಟರ್ ಓದದೆ ಅಂದಾಜಿನ ಮೇಲೆ ಹಾಕಿದ ಬಿಲ್ಲುಗಳಲ್ಲಿ ಎಷ್ಟೋ ಸಲ ಬಾಕಿಯೇ ತಪ್ಪಿರುತ್ತದೆ. ರೀಡಿಂಗ್ ಸರಿಯಿದ್ದರೆ, ತಿಂಗಳಿಗೆ ಇಷ್ಟು ಕೊಡಬಲ್ಲೆ ಎಂಬ ಮೊತ್ತವನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಇಲ್ಲೇ ಎಲ್ಲರೂ ಎಡವುವುದು. ಕೌಂಟರಿನ ಮುಂದೆ ನಿಂತಾಗ ಮರ್ಯಾದೆಗೆ ಅಂಜಿ ದೊಡ್ಡ ಮೊತ್ತ ಒಪ್ಪಿಕೊಳ್ಳುತ್ತೇವೆ, ಎರಡನೇ ಕಂತಿಗೇ ತಪ್ಪುತ್ತೇವೆ. ಒಮ್ಮೆ ಮಾತು ತಪ್ಪಿದವರಿಗೆ ಎರಡನೇ ಸಲ ಕಂತು ಸಿಗುವುದು ಕಷ್ಟ. ಈ ತಿಂಗಳ ಹೊಸ ಬಿಲ್ಲನ್ನೂ ಕಂತಿನ ಜೊತೆಗೇ ಕಟ್ಟಬೇಕಾಗುತ್ತದೆ, ಅದನ್ನೂ ಲೆಕ್ಕ ಹಾಕಿ. ಕೈಯಲ್ಲಿದ್ದಷ್ಟನ್ನು ಅಲ್ಲೇ ಕಟ್ಟಿ ರಸೀದಿ ತೆಗೆದುಕೊಳ್ಳಿ. ಒಪ್ಪಿದ್ದನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಎದ್ದು ಬರಬೇಡಿ. ಬಡ್ಡಿ ಸಾಲ ಮಾತ್ರ ಬೇಡ. ಕಂಪನಿ ಹಾಕುವ ವಿಳಂಬ ಶುಲ್ಕಕ್ಕೆ ಒಂದು ನಿಯಮದ ಮಿತಿ ಇರುತ್ತದೆ, ಬಡ್ಡಿಯವನಿಗೆ ಅದೂ ಇಲ್ಲ. ಬಡ ಕುಟುಂಬಗಳ ಬಿಲ್ಲಿಗೆ ನೆರವಾಗುವ ಯೋಜನೆಗಳು ಹಲವು ದೇಶಗಳಲ್ಲಿವೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅಂಥ ನಿಧಿ 1981ರಿಂದಲೇ ಇದೆ. ಆದರೆ ಇವೆಲ್ಲ ಅರ್ಜಿ ಹಾಕಿದವರಿಗೆ ಮಾತ್ರ. ಕ್ಯಾಲೆಂಡರ್ ಹಿಂದೆ ಯಾರೂ ಬಂದು ಹುಡುಕುವುದಿಲ್ಲ.

"ಅವರದ್ದೇನೂ ತಪ್ಪಿಲ್ಲ" ಅಂದಿರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಒಂದು ಕಥೆ ಕೇಳಿ. 1972ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ರಾಫ್ಟ್ ಎಂಬ ದಂಪತಿ ಒಂದು ಮನೆಗೆ ಬಂದರು. ಹಿಂದೆ ಎರಡು ಸಂಸಾರ ಇದ್ದ ಮನೆ ಅದು, ಹಾಗಾಗಿ ಮೀಟರೂ ಎರಡೆರಡು. ತಮ್ಮದೇ ಖರ್ಚಿನಲ್ಲಿ ಎರಡನ್ನೂ ಒಂದಾಗಿಸಲು ಕೆಲಸದವರನ್ನು ಕರೆಸಿದರೂ ಬಿಲ್ ಎರಡು ಬರುತ್ತಲೇ ಇತ್ತು. ಆ ಹೆಂಗಸು ಕೆಲಸ ತಪ್ಪಿಸಿಕೊಂಡು ಮತ್ತೆ ಮತ್ತೆ ಕಚೇರಿಗೆ ಅಲೆದರು. ಐದು ಸಲ ಸಂಪರ್ಕ ಕಡಿದರು. ಜಗಳ ಸುಪ್ರೀಂ ಕೋರ್ಟ್ ತನಕ ಹೋಯ್ತು. 1978ರಲ್ಲಿ ತೀರ್ಪು ಬಂತು. ಬಾಕಿ ಇಷ್ಟು, ಇಂಥ ದಿನ ಕಡಿಯುತ್ತೇವೆ ಎಂದು ಬರೆದರೆ ಸಾಲದು, ಬಿಲ್ ತಪ್ಪಿದೆ ಅನ್ನಿಸಿದರೆ ಅದನ್ನು ಹೇಳಿಕೊಳ್ಳುವ ದಾರಿ ಏನು ಎಂಬುದನ್ನೂ ನೋಟಿಸಿನಲ್ಲೇ ತಿಳಿಸಬೇಕು, ಕಡಿಯುವ ಮೊದಲೇ ಅದನ್ನು ಸರಿಪಡಿಸುವ ಅಧಿಕಾರ ಇರುವವರ ಜೊತೆ ಮಾತಾಡಲು ಅವಕಾಶ ಕೊಡಬೇಕು ಎಂದಿತು ಕೋರ್ಟು. ನನಗೆ ಈ ತೀರ್ಪು ಬಹಳ ಇಷ್ಟ. ಜಗಳವಾಡಿದ್ದು ದುಡ್ಡಿಗೆ, ಗೆದ್ದದ್ದು ನೋಟಿಸಿನ ಎರಡು ವಾಕ್ಯ.

ಭಾರತದ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ನಿನಲ್ಲೂ ಇಂಥದ್ದೇ ಒಂದು ಬಾಗಿಲಿದೆ. ಬಾಕಿಗಾಗಿ ಕಡಿಯುವ ಮುಂಚೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು, ಇದು ತುಂಬ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಂದಿನ ಭಾಗ. ಬಿಲ್ಲಿನ ಬಗ್ಗೆ ತಕರಾರು ಇದ್ದರೆ, ಆಕ್ಷೇಪಣೆ ದಾಖಲಿಸಿ, ಕೇಳಿದ ಪೂರ್ತಿ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದಲ್ಲಿ ಬರುವ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ತಕರಾರು ತೀರುವ ತನಕ ಕಡಿಯುವಂತಿಲ್ಲ. ಗ್ರಾಹಕರ ದೂರಿಗೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ (ಅಲ್ಲೂ ಬಗೆಹರಿಯದ ದೂರನ್ನು ಕೇಳುವ ಅಧಿಕಾರಿ) ಇರಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ನನ್ನ ಕೈಗೆ ಬಂದ ಯಾವ ನೋಟಿಸಿನಲ್ಲೂ ಈ "ಯಾವುದು ಕಡಿಮೆಯೋ ಅದು" ಎಂಬ ಮಾತನ್ನು ನಾನು ಓದಿಲ್ಲ. ದಂಡದ ಮಾತು ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

ಗಿರಾಕಿಗೆ ಅರ್ಥವಾಗದಂತೆ ಲೆಕ್ಕ ಹೇಳುವುದು ಈ ಉದ್ಯಮದ ಹುಟ್ಟುಗುಣ ಅಂತ ಕಾಣುತ್ತದೆ. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ವಿದ್ಯುತ್ ಮಾರಲು ಶುರುಮಾಡಿದಾಗ ಅವನ ಮೀಟರಿನಲ್ಲಿ ಅಂಕಿಯೇ ಇರಲಿಲ್ಲ. ದ್ರಾವಣದಲ್ಲಿ ಅದ್ದಿದ ಸತುವಿನ ತಗಡುಗಳು. ಕಂಪನಿಯವರು ಅವನ್ನು ತೆಗೆದು, ತೂಕ ಮಾಡಿ, ಕರಗಿದ ಸತುವಿನ ಲೆಕ್ಕದ ಮೇಲೆ ಬಿಲ್ ಹಾಕುತ್ತಿದ್ದರು. ಮನೆಯವರು ನಂಬಬೇಕಿತ್ತು, ಅಷ್ಟೇ. ಇವತ್ತಿನ ಬಿಲ್ಲಿನಲ್ಲಿ ಅಂಕಿಗೇನೂ ಬರವಿಲ್ಲ. ಆದರೆ ಹತ್ತು ಸಾಲಿನ ಶುಲ್ಕಗಳಲ್ಲಿ ಯಾವುದು ಯಾಕೆ ಅಂತ ವಿವರಿಸಬಲ್ಲವರು ನಿಮ್ಮ ಬೀದಿಯಲ್ಲಿ ಒಬ್ಬರಾದರೂ ಇದ್ದಾರಾ?

ಈ ಬೆದರಿಕೆಯ ಭಾಷೆ ಯಾರಿಗೆ ಒದಗಿಬಂತು ನೋಡಿ. "ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಕಡಿತಗೊಳಿಸಲಾಗುವುದು, ಕೂಡಲೇ ಈ ನಂಬರಿಗೆ ಕರೆ ಮಾಡಿ" ಎಂಬಂಥ ಮೆಸೇಜುಗಳು ಮೋಸಗಾರರ ಕೈಯಿಂದ ಎಷ್ಟು ಫೋನುಗಳಿಗೆ ಬಂದಿವೆ! ಅಸಲಿ ನೋಟಿಸೂ ಹಾಗೇ ಮಾತಾಡುವುದರಿಂದ ನಕಲಿಗೆ ಹೆಚ್ಚಿನ ಕಷ್ಟವಿಲ್ಲ. ನಿಮಗೂ ಬಂದರೆ ಆ ನಂಬರಿಗೆ ಕರೆ ಮಾಡಬೇಡಿ, ಬಿಲ್ಲಿನ ಮೇಲೆ ಅಚ್ಚಾಗಿರುವ ನಂಬರಿಗೆ ಮಾಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರವೋ ಇನ್ನಾವುದೋ ವೈದ್ಯಕೀಯ ಉಪಕರಣವೋ ಇದ್ದರೆ, ವೈದ್ಯರ ಪತ್ರವನ್ನು ಇವತ್ತೇ ಕಂಪನಿಗೆ ಕೊಡಿ, ಬಾಕಿ ಇರಲಿ ಇಲ್ಲದಿರಲಿ. 2007ರ ಮೇ ತಿಂಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅಂಥ ಯಂತ್ರ ಬಳಸುತ್ತಿದ್ದ ಮಹಿಳೆಯೊಬ್ಬರ ಮನೆಯ ಸಂಪರ್ಕ ಕಡಿದರು. ಕೆಲವೇ ಗಂಟೆಗಳಲ್ಲಿ ಅವರು ತೀರಿಕೊಂಡರು. ಬಾಕಿ ಇದ್ದದ್ದು 168 ಡಾಲರ್. ಆಮೇಲೆ ಅಲ್ಲಿ ನಿಯಮ ಬಿಗಿಯಾಯ್ತು. ಆಮೇಲೆ.

ಫ್ರಾನ್ಸಿನವರು ಈ ವಿಷಯದಲ್ಲಿ ನನಗೆ ಮೆಚ್ಚು. ಚಳಿಗಾಲದಲ್ಲಿ, ನವೆಂಬರ್ 1ರಿಂದ ಮಾರ್ಚ್ 31ರ ತನಕ, ಬಾಡಿಗೆ ಕಟ್ಟದವರನ್ನು ಹೊರಹಾಕುವಂತಿಲ್ಲ ಎಂಬ ಕಟ್ಟಳೆ ಅಲ್ಲಿದೆ. ಅದರ ಹಿಂದೆ 1954ರ ಕೊರೆಯುವ ಚಳಿಯಿದೆ. ಪ್ಯಾರಿಸಿನ ಬೀದಿಯಲ್ಲಿ ಹೆಣವಾದ ಹೆಂಗಸಿನ ಕೈಯಲ್ಲಿ ಮನೆಯಿಂದ ಹೊರಹಾಕಿದ ಕಾಗದ ಇತ್ತು. 2013ರಲ್ಲಿ ಆ ಕಟ್ಟಳೆಯ ನೆರಳನ್ನು ಎಲ್ಲ ಮನೆಗಳ ಕರೆಂಟಿಗೂ ಚಾಚಿದರು. ಬಾಕಿ ಮನ್ನಾ ಆಗುವುದಿಲ್ಲ, ಏಪ್ರಿಲ್ ಬಂದೇ ಬರುತ್ತದೆ. ಆದರೂ ಆ ಐದು ತಿಂಗಳು ದೊಡ್ಡದು.

ಈಗ ಮುಂಗಡ ರೀಚಾರ್ಜ್ ಮೀಟರುಗಳ ಕಾಲ. ದುಡ್ಡು ಮುಗಿಯಿತು, ದೀಪ ಆರಿತು. ನೋಟಿಸು, ಲೈನ್‌ಮನ್, "ನಾಡಿದ್ದು ಬರ್ತೀನಿ", ಇವೆಲ್ಲದರ ಕಥೆ ಮುಗಿದ ಹಾಗೆ. ಬ್ರಿಟನ್ನಿನಲ್ಲಿ ಇದನ್ನು "ತಾನೇ ಕಡಿದುಕೊಂಡದ್ದು" ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಎಂಥ ಚಾಲಾಕಿ ಪದ! ದುಡ್ಡಿಲ್ಲದೆ ಕತ್ತಲಲ್ಲಿ ಕೂತವನೇ ಕತ್ತರಿ ಹಿಡಿದವನಾಗಿಬಿಟ್ಟ. ಬಾಕಿದಾರರ ಮನೆಗಳಿಗೆ ಒತ್ತಾಯದಿಂದ ಇಂಥ ಮೀಟರ್ ಕೂರಿಸಿದ್ದು ದೊಡ್ಡ ರಗಳೆಯಾಗಿ 2023ರ ಫೆಬ್ರವರಿಯಲ್ಲಿ ಅಲ್ಲಿ ಅದನ್ನು ತಡೆಹಿಡಿಯಬೇಕಾಯ್ತು. ನನ್ನ ಫ್ಯೂಸ್ ಕಿತ್ತ ಲೈನ್‌ಮನ್ ಎರಡು ಸಲ ಕದ ತಟ್ಟಿದ್ದರು ಅಂದೆನಲ್ಲ. ತೆರೆಯದೇ ಇದ್ದದ್ದು ನಾನು.

ಇಷ್ಟೆಲ್ಲ ಬರೆದು, ಒಳ್ಳೆಯ ನೋಟಿಸ್ ಹೇಗಿರಬೇಕು ಅಂತ ಒಂದು ಮಾದರಿ ಕೊಡೋಣ ಅನ್ನಿಸಿತು. ಹುಡುಕುವಾಗ ನಮ್ಮ ಪತ್ರಿಕೆಯಿಂದ ಚಂದಾದಾರರಿಗೆ ಹೋಗುವ ನೆನಪೋಲೆ ಕೈಗೆ ಸಿಕ್ಕಿತು. "ನಿಗದಿತ ಅವಧಿಯೊಳಗೆ ಪಾವತಿಸದಿದ್ದಲ್ಲಿ ಯಾವುದೇ ಮುನ್ಸೂಚನೆಯಿಲ್ಲದೆ ಪ್ರತಿ ರವಾನೆಯನ್ನು ಸ್ಥಗಿತಗೊಳಿಸಲಾಗುವುದು." ಹದಿನಾಲ್ಕು ವರ್ಷದಿಂದ ಇದೇ ಹೋಗುತ್ತಿದೆಯಂತೆ, ಕೆಳಗೆ ನನ್ನದೇ ಸಹಿ. ಬೆಳಿಗ್ಗೆ ಕೂತು ತಿದ್ದಿದ್ದೇನೆ. ತಡವಾದರೆ ಮೂರು ಸಂಚಿಕೆ ಬರುತ್ತಲೇ ಇರುತ್ತವೆ, ಕಷ್ಟವಿದ್ದರೆ ಒಂದು ಸಾಲು ಬರೆಯಿರಿ ಅಂತ ಸೇರಿಸಿದ್ದೇನೆ.

ಅಂದಹಾಗೆ, ನಿಮ್ಮ ಚಂದಾ ಕಳೆದ ತಿಂಗಳೇ ಮುಗಿದಿದೆ ಅಂತ ಚಂದಾ ವಿಭಾಗದವರು ಹೇಳಿದರು. ಇರಲಿ. ಮೊದಲು ಕರೆಂಟಿನದು ಕಟ್ಟಿ.

— ಸಂ.